ಸೂಜಿ ಮಾವನ ಕೈಗುಣ

ಸೂಜಿ ಮಾವನನ್ನು ಹೊಗಳದವರನ್ನು ನಾನು ಕಂಡಿರುವುದು ಇಬ್ಬರನ್ನೇ. ಒಬ್ಬರು ಅವರ ಹೆಂಡತಿ, ಇನ್ನೊಬ್ಬರು ಅವರಿಗೆ ಕೈಚಳಕ ಕಲಿಸಿದ ಕಟಿಂಗ್ ಅಂಗಡಿಯಣ್ಣ. ಉಳಿದ ನಾವೆಲ್ಲ, ಮೂರು ಸಾಲು ಮಿಷನ್ನುಗಳ ಹಿಂದೆ ಕೂತು ಬೆಳಗಿನಿಂದ ಸಂಜೆಯವರೆಗೆ ಮಕ್ಕಳ ಬಟ್ಟೆ ಹೊಲಿಯುತ್ತಿದ್ದ ಎಪ್ಪತ್ತು ಹೆಂಗಸರು, ಅವರನ್ನು ಬಾಯಿ ತುಂಬ ಹೊಗಳುತ್ತಿದ್ದೆವು. ಹೊಗಳುವವರಲ್ಲಿ ಮುಂದೆ ನಿಂತವಳು ನಾನೇ. ಈಗ ಅದನ್ನು ನೆನೆದರೆ ನನ್ನ ಕೆನ್ನೆಗೆ ನಾನೇ ಎರಡು ಕೊಟ್ಟುಕೊಳ್ಳೋಣ ಅನಿಸುತ್ತದೆ.

ಅವರ ಕೆಲಸ ಸೂಜಿ ಕೊಡುವುದು. ಇದೂ ಒಂದು ಕೆಲಸವೇ ಎಂದು ಮೂಗು ಮುರಿಯುವವರು ಒಮ್ಮೆ ಮಕ್ಕಳ ಬಟ್ಟೆಯ ಕಾರ್ಖಾನೆಗೆ ಬಂದು ನೋಡಬೇಕು. ಹೊಲಿಗೆ ಹಾಲ್‌ನ ಮೂಲೆಯಲ್ಲಿ ತಂತಿ ಜಾಲರಿ ಹೊಡೆದ, ಬಚ್ಚಲಿನಷ್ಟು ಅಗಲದ ಒಂದು ಕೋಣೆ. ಅದಕ್ಕೊಂದು ಕಿಟಕಿ. ಕಿಟಕಿಯ ಹಿಂದೆ ಸೂಜಿ ಡಬ್ಬಿಗಳು, ಒಂದು ಪುಸ್ತಕ, ಅಂಟುಪಟ್ಟಿಯ ಸುರುಳಿ, ಮತ್ತು ಮಾವ. ಹಳೆಯ ಸೂಜಿ ಕೊಟ್ಟರೆ ಮಾತ್ರ ಹೊಸದು. ಸೂಜಿ ಮುರಿದಿದ್ದರೆ ಅದರ ಎಲ್ಲ ಚೂರುಗಳನ್ನೂ ತರಬೇಕು. ಮಾವ ಅವನ್ನು ಬಿಳಿ ಕಾಗದದ ಮೇಲೆ ಜೋಡಿಸುತ್ತಿದ್ದರು. ಮೊದಲು ದಿಂಡು, ಆಮೇಲೆ ಕಣ್ಣು, ಕೊನೆಗೆ ಮೊನೆ. ಇಡೀ ಸೂಜಿ ಆಯಿತೆಂದರೆ ಪುಸ್ತಕಕ್ಕೆ ಅಂಟಿಸಿ, ಮಿಷನ್ ನಂಬರು, ಬಟ್ಟೆಯ ಕಟ್ಟಿನ ನಂಬರು, ದಿನ, ಹೊತ್ತು ಬರೆದು ಹೊಸ ಸೂಜಿ ಕೊಡುತ್ತಿದ್ದರು. ಎಳ್ಳಿನ ಮೂತಿಯಷ್ಟು ಚೂರು ಕಡಿಮೆಯಾದರೂ ಕೊಡುವಂತಿರಲಿಲ್ಲ.

ನಾವು ಹೊಲಿಯುತ್ತಿದ್ದದ್ದು ಹಾಲು ಕುಡಿಯುವ ಮಕ್ಕಳ ಫ್ರಾಕು. ಕುತ್ತಿಗೆ ಪಟ್ಟಿಯ ಮಡಿಕೆಯೊಳಗೆ ಒಂದು ಮೊನೆ ಕೂತರೆ ಮಾತು ಬಾರದ ಮಗು ಅದನ್ನು ಹೇಗೆ ಹೇಳೀತು? ಅಳುತ್ತದೆ. ಹಸಿವಿರಬೇಕು ಎಂದುಕೊಂಡು ಅಮ್ಮ ಇನ್ನಷ್ಟು ಎದೆಗೆ ಒತ್ತಿಕೊಳ್ಳುತ್ತಾಳೆ. ಅದಕ್ಕೇ ಚೂರು ಸಿಗದಿದ್ದರೆ ಇಡೀ ಸಾಲು ನಿಲ್ಲುತ್ತಿತ್ತು. ಫ್ರಾಕಿನ ಭುಜಕ್ಕೆ ಹಿತ್ತಾಳೆಯ ಒತ್ತುಗುಂಡಿ ಇದ್ದದ್ದರಿಂದ ಲೋಹ ಹಿಡಿಯುವ ಯಂತ್ರ ಎಲ್ಲಕ್ಕೂ ಕೂಗುತ್ತಿತ್ತು, ಅದನ್ನು ನಂಬುವಂತಿರಲಿಲ್ಲ. ಅಯಸ್ಕಾಂತವೊಂದೇ ಗತಿ. ಅದನ್ನು ಹಿಡಿದು ನೆಲ, ಮಿಷನ್ನು, ಬಟ್ಟೆ, ಕೊನೆಗೆ ನಮ್ಮ ಜಡೆಯನ್ನೂ ಜಾಲಾಡುತ್ತಿದ್ದರು. ಹೊಲಿಗೆಯೊಳಗೆ ಸಿಕ್ಕಿಕೊಂಡ ಚೂರು ಅಯಸ್ಕಾಂತಕ್ಕೂ ಅಲ್ಲಾಡುವುದಿಲ್ಲ, ಬೆರಳಿಂದ ಮುಟ್ಟಿ ಮುಟ್ಟಿ ನೋಡಬೇಕು. ಆಗಲೂ ಸಿಗದಿದ್ದರೆ ಆ ಕಟ್ಟಿನ ಇಪ್ಪತ್ತು ಫ್ರಾಕೂ ಕೆಂಪು ಚೀಲಕ್ಕೆ, ಅಲ್ಲಿಂದ ಚೂರು ಮಾಡುವ ಯಂತ್ರಕ್ಕೆ. ಹೊಲಿದವಳ ಹೆಸರು ಬಾಗಿಲ ಬಳಿಯ ಬೋರ್ಡಿಗೆ. ಮೂರು ಸಲ ಹೆಸರು ಬಂತೆಂದರೆ ಮಿಷನ್ನಿನಿಂದ ಎಬ್ಬಿಸಿ, ದಾರದ ತುದಿ ಕತ್ತರಿಸುವ ಮೇಜಿನ ಮುಂದೆ ಕೂರಿಸುತ್ತಿದ್ದರು. ಎಂಟು ವರ್ಷ ಮಿಷನ್ ತುಳಿದವಳಿಗೆ ಅದು ಎಲ್ಲರೆದುರು ಬೆಂಚಿನ ಮೇಲೆ ನಿಲ್ಲಿಸಿದ ಹಾಗೆ.

ಮಾವ ಮೊದಲು ಗುಂಡಿ ಅಂಗಡಿಯಲ್ಲಿದ್ದವರು. ಇದನ್ನೆಲ್ಲ ಅವರೇ ಮಧ್ಯಾಹ್ನದ ಊಟದ ಹೊತ್ತಿಗೆ ನಗುನಗುತ್ತ ಹೇಳಿದ್ದು, ಸ್ವಲ್ಪ ಅವರ ಹೆಂಡತಿಯಿಂದ, ನಮ್ಮೆಲ್ಲರ ಅತ್ತೆಯಿಂದ, ಕೇಳಿದ್ದು. ಕೈಚಳಕದ ಮಾತನ್ನು ಮಾತ್ರ ಅವರು ಎತ್ತಿರಲಿಲ್ಲ. ಗುಂಡಿ ಹಿಡಿದು ಓಡಾಡುತ್ತಿದ್ದರು ಎಂದಷ್ಟೇ ಅತ್ತೆ ಒಮ್ಮೆ ನಕ್ಕಿದ್ದರು, ಉಳಿದದ್ದು ಆಮೇಲೆ ತಿಳಿಯಿತು. ಅವರ ಮಗಳಿಗೆ ಐದು ವರ್ಷವಾಗಿದ್ದಾಗ ಕಾಲ ಮೇಲೆ ಕುದಿನೀರು ಬಿದ್ದು, ದಿನ ಬಿಟ್ಟು ದಿನ ಆಸ್ಪತ್ರೆಗೆ ಹೋಗಿ ಪಟ್ಟಿ ಬದಲಿಸಬೇಕಾಗಿತ್ತು. ಆಸ್ಪತ್ರೆಯ ಬಾಗಿಲು ಕಂಡರೆ ಸಾಕು, ಮಗು ಬೀದಿಗೆಲ್ಲ ಕೇಳುವ ಹಾಗೆ ಕಿರುಚುತ್ತಿತ್ತು. ಗುಂಡಿ ಅಂಗಡಿಯ ಪಕ್ಕದ ಕಟಿಂಗ್ ಅಂಗಡಿಯಣ್ಣನೋ, ತಲೆ ಕೊಡಲು ಒಲ್ಲದ ಮಕ್ಕಳ ಕಿವಿಯಿಂದ ಗೋಲಿ, ಮೂಗಿನಿಂದ ಗುಂಡಿ ತೆಗೆದು ತೋರಿಸಿ, ಅವು ಬಾಯಿ ಬಿಟ್ಟುಕೊಂಡು ನೋಡುತ್ತಿರುವಾಗಲೇ ಅರ್ಧ ತಲೆ ಮುಗಿಸಿಬಿಡುತ್ತಿದ್ದ. ಮಾವ ಅವನ ಬೆನ್ನು ಬಿದ್ದರು.

"ಕಲಿಸ್ತೀನಿ. ಆದ್ರೆ ಇದು ಆಟ ಅಂತ ಗೊತ್ತಿರೋರ ಮುಂದೆ ಮಾತ್ರ ಮಾಡ್ಬೇಕು. ಗೊತ್ತಿಲ್ದೋರ ಮುಂದೆ ಮಾಡಿದ್ರೆ ಅದಕ್ಕೆ ಬೇರೆ ಹೆಸರಿದೆ," ಎಂದನಂತೆ ಅವನು.

"ಮಗುಗೆ ಎಲ್ಲಿ ಗೊತ್ತಾಗುತ್ತೆ?"

"ಗೊತ್ತಾಗುತ್ತೆ ಕಣಯ್ಯ. ಅದಕ್ಕೇ ಇನ್ನೊಂದ್ಸಲ ಮಾಡು ಅನ್ನುತ್ತೆ."

ಮೊದಲ ತಿಂಗಳು ಬರೀ ಹಿಡಿಯುವುದು. ಒಂದು ಅಂಗಿ ಗುಂಡಿಯನ್ನು ಅಂಗೈಯ ನಡುವೆ, ಹೆಬ್ಬೆರಳ ಬುಡದ ಮಾಂಸದಿಂದ ಕಚ್ಚಿಕೊಂಡು ದಿನವೆಲ್ಲ ಓಡಾಡಬೇಕು. ಬೆರಳು ಮಾತ್ರ ಏನೂ ಅರಿಯದವರ ಹಾಗೆ ಸಡಿಲವಾಗಿರಬೇಕು. ಅದೇ ಕೈಯಲ್ಲಿ ಬೀಗ ತೆಗೆಯಬೇಕು, ಲೇಸು ಅಳೆಯಬೇಕು, ಚಪ್ಪಲಿ ಸರಿಮಾಡಿಕೊಳ್ಳಬೇಕು. ಗುಂಡಿ ಬಿದ್ದರೆ ಪಾಠ ಮೊದಲಿನಿಂದ. ಗುಂಡಿಗಳು ಬಚ್ಚಲಲ್ಲಿ ಬಿದ್ದವು, ಊಟದ ತಟ್ಟೆಯಲ್ಲಿ ಬಿದ್ದವು, ಒಂದು ಗುಂಡಿ ಗಿರಾಕಿಯೊಬ್ಬರ ಕೈ ಕುಲುಕಿದಾಗ ಅವರ ಅಂಗೈಗೆ ಅಂಟಿಕೊಂಡು ಅವರ ಜೊತೆಯೇ ಹೊರಟುಹೋಯಿತು. ಎರಡನೆಯ ತಿಂಗಳು ಕಣ್ಣಿನ ಪಾಠ. "ವಸ್ತು ಇರೋ ಕೈನ ನೀನು ಮರೀಬೇಕು. ನೀನು ಮರೆತ್ರೆ ನೋಡೋರೂ ಮರೀತಾರೆ," ಎಂದು ಕಟಿಂಗ್ ಅಂಗಡಿಯಣ್ಣ ಹೇಳಿಕೊಟ್ಟ. ಮಾವನ ಕಣ್ಣು ಮಾತ್ರ ಕಳ್ಳನ ಕಣ್ಣಿನ ಹಾಗೆ ಮತ್ತೆ ಮತ್ತೆ ಬಲಗೈಗೇ ಓಡುತ್ತಿತ್ತು. ಅದನ್ನು ತಿದ್ದಲು ಬೀರುವಿನ ಕನ್ನಡಿಯ ಮುಂದೆ ಗಂಟೆಗಟ್ಟಲೆ ನಿಲ್ಲುತ್ತಿದ್ದರು.

"ಅಂಗೈ ಹುಣ್ಣಿಗೆ ಕನ್ನಡಿ ಬೇಕಾ ಅಂತಾರೆ. ಇವರಿಗೆ ಹುಣ್ಣಿಲ್ದೆ ಇದ್ರೂ ಬೇಕು," ಎಂದು ಅತ್ತೆ ಅಡುಗೆಮನೆಯಿಂದಲೇ ಕುಟುಕುತ್ತಿದ್ದರಂತೆ.

ಮೂರನೆಯ ತಿಂಗಳು ತೆಗೆಯುವುದು. ಅದು ಕೈಗೆ ಬಂದ ದಿನ ಮಾವ ಆಸ್ಪತ್ರೆಯಲ್ಲಿ ನರ್ಸಮ್ಮನ ಕಿವಿಯ ಹಿಂದಿನಿಂದ ಒಂದು ಕೆಂಪು ಗುಂಡಿ ತೆಗೆದರು. ಮಗಳು ಕಿರುಚಲು ತೆರೆದ ಬಾಯಿ ಹಾಗೇ ತೆರೆದುಕೊಂಡಿತ್ತು, ಪಟ್ಟಿ ಕಟ್ಟಿ ಮುಗಿದಿತ್ತು. "ಇನ್ನೊಂದ್ಸಲ," ಎಂದಿತು ಮಗು. ಮಗಳ ಕಾಲು ವಾಸಿಯಾಯಿತು, ದೊಡ್ಡವಳಾದಳು, ಮದುವೆಯಾಗಿ ಹೋದಳು. ಗುಂಡಿ ಅಂಗಡಿ ಮುಚ್ಚಿತು. ಮಾವ ನಮ್ಮ ಕಾರ್ಖಾನೆಯ ಸೂಜಿ ಕೋಣೆಗೆ ಬಂದರು. ಕಲಿತ ವಿದ್ಯೆ ಅವರ ಕೈಯಲ್ಲಿ ಸುಮ್ಮನೆ ಮಲಗಿತ್ತು. ಎಬ್ಬಿಸಿದವಳು ನಾನು.

ಆಗಲೇ ನನ್ನ ಹೆಸರು ಎರಡು ಸಲ ಬೋರ್ಡಿಗೆ ಬಂದಿತ್ತು. ಮೂರನೆಯ ಸೂಜಿ ಮುರಿದದ್ದು ಊಟವಾದ ಮೇಲೆ, ಕುತ್ತಿಗೆ ಪಟ್ಟಿ ತಿರುಗಿಸುವಾಗ. ಟಕ್ ಎಂದು ಸದ್ದಾಯಿತು. ದಿಂಡು ಸಿಕ್ಕಿತು, ಕಣ್ಣು ಸಿಕ್ಕಿತು, ಮೊನೆ ಇಲ್ಲ. ಸಾಲು ನಿಂತಿತು. ಹಿಂದಿನ ಮಿಷನ್ನಿನವಳು ನಾನು ಕೇಳಿಸಿಕೊಳ್ಳಲಿ ಎಂದೇ, "ಇವತ್ತೂ ಎಲ್ಲರೂ ಇವಳಿಗೋಸ್ಕರ ಲೇಟಾಗಿ ಮನೆಗೆ," ಎಂದಳು. ಮಾತಿಗೆ ಮಾತು ಕೊಡುವುದರಲ್ಲಿ ನಾನು ಹಿಂದೆ ಬಿದ್ದವಳಲ್ಲ. ಆ ದಿನ ಬಾಯಿಯಿಂದ ಮಾತಿನ ಬದಲು ಅಳು ಬಂತು. ಮೂವತ್ತು ವರ್ಷದ ಹೆಂಗಸು, ಮಿಷನ್ನಿನ ಮೇಲೆ ತಲೆಯಿಟ್ಟು ಗೊಳೋ ಎಂದು ಅತ್ತುಬಿಟ್ಟೆ.

ಮಾವ ಅಯಸ್ಕಾಂತ ಹಿಡಿದು ಬಂದರು. "ಅಳಬೇಡಮ್ಮ. ಸೂಜಿ ಮೊನೆಗೇನು ಕಾಲಿದ್ಯಾ ಓಡಿಹೋಗೋಕೆ?" ಎಂದರು. ಮಿಷನ್ನಿನಲ್ಲಿ ಬಟ್ಟೆ ಸರಿಸುವ ಹಲ್ಲು ತಟ್ಟೆಯ ಸಂದಿಯಲ್ಲಿ ಅಯಸ್ಕಾಂತ ಆಡಿಸಿ ಎತ್ತಿದರು. ತುದಿಯಲ್ಲಿ ಮೊನೆ ಅಂಟಿಕೊಂಡಿತ್ತು.

ಸಾಲಿಗೆ ಸಾಲೇ ಚಪ್ಪಾಳೆ ಹೊಡೆಯಿತು. ನಾನು ಅವರ ಕೈ ಹಿಡಿದು ಕಣ್ಣಿಗೊತ್ತಿಕೊಂಡೆ. "ಮಾವ, ನಿಮ್ಮ ಕೈಗುಣ ದೊಡ್ಡದು," ಎಂದೆ. ಆ ಮಾತು ಕಾರ್ಖಾನೆಯಲ್ಲೆಲ್ಲ ಹಬ್ಬಿತು. ಅವರ ಮುಖ ಕೆಂಪಗಾದದ್ದನ್ನು ನಾನು ಸಂಕೋಚ ಎಂದುಕೊಂಡೆ.

ಅಲ್ಲಿಂದ ಮುಂದೆ ಯಾರ ಸೂಜಿ ಮುರಿದರೂ ಮೊದಲ ಮಾತು, "ಮಾವನ್ನ ಕರೀರಿ." ನಾವು ಹುಡುಕುವುದನ್ನೇ ಬಿಟ್ಟೆವು. ಹುಡುಕಿದ ಶಾಸ್ತ್ರ ಮಾಡಿ ಕೈಕಟ್ಟಿ ನಿಲ್ಲುತ್ತಿದ್ದೆವು. ಮಾವ ಬರುತ್ತಿದ್ದರು, ಬಗ್ಗುತ್ತಿದ್ದರು, ಒಬ್ಬಳ ತೋಳಿನ ಮಡಿಕೆಯಿಂದ, ಇನ್ನೊಬ್ಬಳ ಕುರ್ಚಿಯ ಕಾಲಿನಿಂದ, ಮತ್ತೊಬ್ಬಳ ಜಡೆಯಿಂದ ಮೊನೆ ತೆಗೆಯುತ್ತಿದ್ದರು. ಕೆಂಪು ಚೀಲದ ಮೇಲೆ ಧೂಳು ಕೂತಿತು. ಯಾರಾದರೂ ನೋಡಲು ಬಂದರೆ ಮ್ಯಾನೇಜರು ಅವರನ್ನು ಸೂಜಿ ಕೋಣೆಯ ಕಿಟಕಿಗೆ ಕರೆದುಕೊಂಡು ಹೋಗಿ, "ನಮ್ಮಲ್ಲಿ ಒಂದು ಚೂರೂ ಕಳೆದುಹೋಗಲ್ಲ," ಎಂದು ಮಾವನನ್ನು ತೋರಿಸುತ್ತಿದ್ದರು. ಮಾವ ತಲೆ ತಗ್ಗಿಸಿ ಪುಸ್ತಕ ಬರೆಯುತ್ತಿದ್ದರು.

ಮೂರು ವರ್ಷ ಹೀಗೆ ನಡೆಯಿತು. ಅಷ್ಟರಲ್ಲಿ ಕಣ್ಣು ಚುರುಕು ಎಂದು ನನ್ನನ್ನು ಮಿಷನ್ನಿನಿಂದ ತಪಾಸಣೆಯ ಮೇಜಿಗೆ ಹಾಕಿದ್ದರು. ಒಂದು ಬೆಳಿಗ್ಗೆ ಮ್ಯಾನೇಜರು ಸೂಜಿ ಪುಸ್ತಕವನ್ನೂ ಒಂದು ಭೂತಗನ್ನಡಿಯನ್ನೂ ನನ್ನ ಮುಂದಿಟ್ಟರು. ಬಟ್ಟೆ ಕೊಳ್ಳುವವರು ಪುಸ್ತಕ ನೋಡುತ್ತಾರೆ, ಎಲ್ಲಾದರೂ ಅಂಟು ಬಿಟ್ಟಿದ್ದರೆ ಸರಿಮಾಡು ಎಂದರು. ನಾನು ಹಿಂದಿನಿಂದ ಶುರುಮಾಡಿದೆ. ಕೊನೆಯ ಪುಟ ಹಿಂದಿನ ದಿನದ್ದು. ತೋಳು ಹೊಲಿಯುವ ಹೊಸಬಳ ಸೂಜಿ. ಪಕ್ಕದಲ್ಲಿ ಮಾವನ ದುಂಡು ಅಕ್ಷರ, "ಚೂರು ಸಿಕ್ಕಿತು." ಭೂತಗನ್ನಡಿ ಹಿಡಿದೆ. ಮೊನೆ ಚೂಪಾಗಿತ್ತು.

ಸೂಜಿಯ ಮೊನೆ ಚೂಪಾಗಿರದೆ ಇನ್ನೇನು ಎಂದು ನೀವು ಕೇಳಬಹುದು. ಬನಿಯನ್ ಬಟ್ಟೆ ಹೊಲಿಯುವ ಸೂಜಿಯ ಮೊನೆ ಚೂಪಾಗಿರುವುದಿಲ್ಲ, ದುಂಡಗಿರುತ್ತದೆ. ಚೂಪು ಮೊನೆ ಹೆಣಿಗೆಯನ್ನು ಹರಿದುಬಿಡುತ್ತದೆ, ದುಂಡು ಮೊನೆ ಎಳೆಯನ್ನು ಪಕ್ಕಕ್ಕೆ ಸರಿಸಿ ದಾರಿ ಮಾಡಿಕೊಳ್ಳುತ್ತದೆ. ಬರಿಗಣ್ಣಿಗೆ ಈ ವ್ಯತ್ಯಾಸ ಕಾಣದು. ನಮ್ಮ ಫ್ರಾಕುಗಳೆಲ್ಲ ಬನಿಯನ್ ಬಟ್ಟೆಯವು. ಚೂಪು ಸೂಜಿ ಇದ್ದದ್ದು ಅಂಗಿ ಹೊಲಿಯುವ ಮೇಲಿನ ಮಹಡಿಯಲ್ಲಿ. ಹಳತಾಗಿ ಬಿಸಾಡುವ ಸೂಜಿ ಮಾತ್ರ ಎರಡೂ ಮಹಡಿಯದ್ದು ಬಂದು ಮಾವನ ಕೋಣೆಯ ಒಂದೇ ಡಬ್ಬಿಗೆ ಬೀಳುತ್ತಿತ್ತು.

ಎದ್ದು ಹೋಗಿ ಹೊಸಬಳ ಮಿಷನ್ ನೋಡಿದೆ. ದುಂಡು ಸೂಜಿಯೇ. ವಾಪಸು ಬಂದು ಪುಟ ಪುಟ ತಿರುಗಿಸಿದೆ. "ಚೂರು ಸಿಕ್ಕಿತು" ಎಂದು ಬರೆದಿದ್ದ ಪುಟಗಳು ಮೂವತ್ತೊಂದು, ಹೆಚ್ಚಿನವುಗಳಲ್ಲಿ ದುಂಡು ಸೂಜಿಯ ದಿಂಡಿಗೆ ಚೂಪು ಮೊನೆ ಅಂಟಿಕೊಂಡಿತ್ತು. ಎಲ್ಲಕ್ಕಿಂತ ಹಳೆಯದು ನನ್ನದು.

ನೆಲ ಬಾಯಿ ಬಿಟ್ಟು ನುಂಗಬಾರದೇ ಎಂಬ ಮಾತನ್ನು ಯಾರಾದರೂ ಆಡಿದರೆ ನಗುತ್ತಿದ್ದವಳು ನಾನು. ಆಗ ಕೂತಲ್ಲೇ ಬೆವೆತೆ. ಸುಳ್ಳೇಕೆ ಹೇಳಲಿ, ನನಗೆ ಮೊದಲು ಬಂದ ಯೋಚನೆ ಮಕ್ಕಳದ್ದಲ್ಲ. ನನ್ನ ಪುಟ ಯಾರ ಕಣ್ಣಿಗೂ ಬೀಳಬಾರದು ಎಂಬುದು. ಆಮೇಲೆ ಹೊಳೆದದ್ದು, ಹಿಂದಿನ ದಿನದ ಕಟ್ಟು ಇನ್ನೂ ಕಾರ್ಖಾನೆ ಬಿಟ್ಟಿಲ್ಲ ಎಂದು. ಅದು ಡಬ್ಬ ತುಂಬುವ ಕೋಣೆಯಲ್ಲಿತ್ತು. ಲಾರಿ ನಾಲ್ಕು ಗಂಟೆಗೆ.

ಸೂಜಿ ಕೋಣೆಯ ಕಿಟಕಿಗೆ ಹೋದೆ.

"ಮಾವ, ಒಂದು ಮೊನೆ ಕೊಡಿ."

"ಸೂಜಿನಾ?"

"ಸೂಜಿ ಬೇಡ, ಬರೀ ಮೊನೆ. ನಿಮ್ಮತ್ರ ಇರುತ್ತಲ್ಲ."

ಅವರ ಕೈಯಲ್ಲಿ ಹಳೆ ಸೂಜಿಯ ಮೊನೆ ಮುರಿಯುವ ಇಕ್ಕಳ ಇತ್ತು. ಅದನ್ನು ಮೆಲ್ಲಗೆ ಡ್ರಾಯರಿನೊಳಗಿಟ್ಟು ಮುಚ್ಚಿದರು. "ಯಾವುದರಲ್ಲಿ ಗೊತ್ತಾಯ್ತು?" ಎಂದರು.

"ಬನಿಯನ್ ಬಟ್ಟೆಗೆ ಚೂಪು ಮೊನೆ ಅಂಟಿಸಿದ್ದೀರಿ."

"ಗುಂಡಿಯವನು ನಾನು. ಸೂಜಿಲಿ ಎರಡು ಜಾತಿ ಅಂತ ಗೊತ್ತಿತ್ತು. ಇಷ್ಟು ಚೂರಿಗೂ ಜಾತಿ ಇರುತ್ತೆ ಅಂತ ಹೊಳೀಲಿಲ್ಲ."

"ಹಾಲು ಕುಡಿಯೋ ಮಕ್ಕಳ ಬಟ್ಟೆ ಮಾವ."

"ಗೊತ್ತಮ್ಮ."

"ಏನು ಗೊತ್ತು ನಿಮಗೆ? ಮಗಳು ಅಳೋದು ನೋಡಕ್ಕಾಗ್ದೆ ಮೂರು ತಿಂಗಳು ಗುಂಡಿ ಹಿಡ್ಕೊಂಡು ಓಡಾಡಿದೋರಂತೆ. ಅತ್ತೆ ಒಂದ್ಸಲ ಹೇಳಿದ್ರು. ಇದಕ್ಕಾ ಅದು?"

"ನೀವುಗಳು ಅಳ್ತಿದ್ರಿ. ಒಂದೇ ಒಂದ್ಸಲ ಅಂದ್ಕೊಂಡೆ. ಆಮೇಲೆ ನೀವು ಕೈಗುಣ ಅಂದ್ರಿ. ಆಮೇಲೆ ಸಿಗಲಿಲ್ಲ ಅನ್ನೋಕೆ ಬಾಯಿ ಬರಲಿಲ್ಲ," ಎಂದರು. ಮತ್ತೆ, "ನಿನ್ನೆ ಕಟ್ಟು ಹೋಯ್ತಾ?"

"ನಾಲ್ಕಕ್ಕೆ ಲಾರಿ."

ಮಾವ ಎದ್ದರು. ಸೂಜಿ ಕೋಣೆಯ ಬಾಗಿಲಿಗೆ ಬೀಗ ಹಾಕದೆ ಹೊರಟದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆ ಕಟ್ಟಿನ ಇಪ್ಪತ್ತು ಫ್ರಾಕುಗಳು ಅಷ್ಟು ಹೊತ್ತಿಗೆ ಬೇರೆಯವುಗಳ ಜೊತೆ ಬೆರೆತು ಹನ್ನೆರಡು ಡಬ್ಬಗಳಲ್ಲಿ ಹಂಚಿಹೋಗಿದ್ದವು. ಡಬ್ಬಕ್ಕೆ ನಲವತ್ತು. ಅಂಟಿಸಿದ್ದನ್ನು ಕಿತ್ತಾಗ ಡಬ್ಬ ತುಂಬುವ ಹೆಂಗಸರು ನಮ್ಮಿಬ್ಬರಿಗೂ ಸರಿಯಾಗಿ ಮಂಗಳಾರತಿ ಮಾಡಿದರು. ಒಂದು ಚೂರು ಉಳಿದಿರಬಹುದು ಎಂದಷ್ಟೇ ಹೇಳಿದೆ. ಹಿಂದಿನ ದಿನ ಮಾವ ಅದನ್ನು ತೆಗೆದದ್ದನ್ನು ಕಣ್ಣಾರೆ ಕಂಡವಳೊಬ್ಬಳು, "ಮಾವಂಗೆ ವಯಸ್ಸಾಯ್ತು, ಸಿಕ್ಕಿದ್ದೂ ನೆನಪಿಲ್ಲ," ಎಂದು ನಕ್ಕಳು. ಮ್ಯಾನೇಜರು ಹೊರಗೆ ಹೋಗಿದ್ದರು. ನಾನು ಅಯಸ್ಕಾಂತ ಹಿಡಿದೆ. ಮಾವ ಕನ್ನಡಕ ಏರಿಸಿ, ಒಂದೊಂದು ತೋಳಿನ ಹೊಲಿಗೆಯನ್ನೂ ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು, ಒಂದು ಹೊಲಿಗೆಯನ್ನೂ ಬಿಡದೆ ತಡವುತ್ತ ಹೋದರು. ಮುನ್ನೂರು ದಾಟಿತು. ಮೂರು ಗಂಟೆ ದಾಟಿತು.

"ಸಿಕ್ತು," ಎಂದರು ಮಾವ.

ಅವರು ಅಂಗೈ ಚಾಚಿದರು. ನಡುವೆ ಒಂದು ಮೊನೆ. ಎಡಗೈಯಲ್ಲಿ ಹಳದಿ ಫ್ರಾಕು, ತೋಳಿನ ಹೊಲಿಗೆ ಬಿಚ್ಚಿತ್ತು. ಭೂತಗನ್ನಡಿ ತಂದು ನೋಡಿದೆ. ಮೊನೆ ದುಂಡಗಿತ್ತು. ಸಂತೋಷ ಉಕ್ಕಿ ಬಂತು, ಬಂದ ಹಾಗೆಯೇ ಇಳಿದುಹೋಯಿತು. ದುಂಡು ಮೊನೆ ಇರಬೇಕಿತ್ತು ಎಂದು ಬೆಳಿಗ್ಗೆ ಅವರಿಗೆ ಹೇಳಿಕೊಟ್ಟವಳು ನಾನೇ. ಮುರಿದ ಅಂಚನ್ನು ಪುಸ್ತಕದ ದಿಂಡಿಗೆ ಹೊಂದಿಸಿ ನೋಡಿದೆ. ತಟ್ಟೆಗೆ ಬಡಿದು ದಿಂಡಿನ ಅಂಚು ಜಜ್ಜಿಹೋಗಿತ್ತು. ಅದು ಯಾವ ಮೊನೆಗಾದರೂ ಹೊಂದುತ್ತಿತ್ತು, ಯಾವುದಕ್ಕೂ ಹೊಂದುತ್ತಿರಲಿಲ್ಲ.

"ನಿಜವಾಗ್ಲೂ ಸಿಕ್ತಮ್ಮ," ಎಂದರು. ಅವರು ನನ್ನ ಮುಖ ನೋಡಿದರು, ತಮ್ಮ ಅಂಗೈ ನೋಡಿಕೊಂಡರು. ಅಂಥ ಮುಖವನ್ನು ನಾನು ಮತ್ತೆಂದೂ ನೋಡಲು ಇಷ್ಟಪಡುವುದಿಲ್ಲ.

ಅಷ್ಟರಲ್ಲಿ ಮ್ಯಾನೇಜರು ಬಂದರು. ಬಿಚ್ಚಿದ ಡಬ್ಬ, ಹರಡಿದ ಬಟ್ಟೆ ನೋಡಿ ಕೂಗಾಡಿದರು, ಆ ಸದ್ದಿಗೆ ಹೊಲಿಗೆಯವರೆಲ್ಲ ಬಂದು ಸುತ್ತ ನಿಂತರು. ಚೂರು ಸಿಕ್ಕಿತು ಎಂದು ಯಾರೋ ಹೇಳಿದ ಮೇಲೆ ತಣ್ಣಗಾದರು. "ಸಿಕ್ತಲ್ಲ, ಸರಿ. ತುಂಬಿ ಬೇಗ. ಇವರ ಕೈಗೆ ಸಿಗದೆ ಇರುತ್ತಾ?" ಎಂದು ಮಾವನ ಬೆನ್ನು ತಟ್ಟಿದರು.

"ಸಾರ್," ಎಂದರು ಮಾವ, "ಸಿಕ್ತು ಅಂತ ನಾನು ಹೇಳ್ತಿದ್ದೀನಿ. ನೀವು ನಂಬಬೇಡಿ."

"ಏನು ಹಾಗಂದ್ರೆ?"

ಮಾವ ಮೊನೆಯನ್ನು ಮೇಜಿನ ಮೇಲಿನ ಬಿಳಿ ಕಾಗದದಲ್ಲಿಟ್ಟರು. ಎರಡೂ ಕೈ ಮುಂದೆ ಚಾಚಿ ಹಿಂದೆ ಮುಂದೆ ತಿರುಗಿಸಿ ತೋರಿಸಿದರು. ಏನೂ ಇರಲಿಲ್ಲ. ಅಯಸ್ಕಾಂತ ತೆಗೆದುಕೊಂಡು ಮ್ಯಾನೇಜರ ಅಂಗಿಯ ಕಾಲರಿನ ಮೇಲೆ ಆಡಿಸಿದರು. ಒಂದು ಮೊನೆ ಬಂತು. ಕಾಗದದ ಮೇಲಿಟ್ಟರು. ಮತ್ತೆ ಕೈ ತೋರಿಸಿದರು, ಖಾಲಿ. ನಕ್ಕಿದ್ದವಳ ಕಿವಿಯ ಹಿಂದಿನಿಂದ ಇನ್ನೊಂದು ಬಂತು. ಅವಳು ಆಟ ಎಂದುಕೊಂಡು ಮತ್ತೆ ನಕ್ಕಳು, ಯಾರೂ ನಗದಿದ್ದದ್ದು ಕಂಡು ಬಾಯಿ ಮುಚ್ಚಿಕೊಂಡಳು. ಆಮೇಲೆ ಮಾವ ಅಂಗಿಯ ಕೈಪಟ್ಟಿ ಮಡಿಸಿ, ಗುಂಡಿಯ ಹಿಂದೆ ಮೇಣದಲ್ಲಿ ಸಿಕ್ಕಿಸಿದ್ದ ಮೊನೆಗಳನ್ನು ಬಿಡಿಸಿ ತೋರಿಸಿದರು.

"ಈ ಮೂರರಲ್ಲಿ ಫ್ರಾಕಿಂದ ಬಂದಿದ್ದು ಯಾವುದು ಹೇಳಿ ಸಾರ್. ನನಗೆ ಗೊತ್ತು. ನಾನು ಹೇಳಿದ್ರೂ ನೀವು ನಂಬಬಾರದು. ಎಲ್ಲ ಕೆಂಪು ಚೀಲಕ್ಕೆ ಹಾಕ್ಸಿ."

ಹೊಸಬಳು ಅಳುತ್ತಿದ್ದಳು. ನಮ್ಮ ಮ್ಯಾನೇಜರು ಕೆಟ್ಟವರಲ್ಲ, ಕುರ್ಚಿ ಎಳೆದುಕೊಂಡು ಕೂತುಬಿಟ್ಟರು. ಎಷ್ಟು ದಿನದಿಂದ ಎಂದು ಕೇಳಿದರು. ಮೂರು ವರ್ಷ ಎಂದರು ಮಾವ. ಯಾರ್ಯಾರದು, ಯಾವ ಯಾವ ಕಟ್ಟು ಎಂದು ಕೇಳಿದರು.

"ಹೆಸರು ನೆನಪಿಲ್ಲ ಸಾರ್. ಪುಸ್ತಕದಲ್ಲಿದೆ."

ಪುಸ್ತಕ ನನ್ನ ಕೈಯಲ್ಲಿತ್ತು. "ಓದಮ್ಮ," ಎಂದರು ಮ್ಯಾನೇಜರು, "ಕಟ್ಟಿನ ನಂಬರು ಓದು. ಕೊಂಡೋರಿಗೆಲ್ಲ ಕಾಗದ ಬರೀಬೇಕು, ಆ ಬಟ್ಟೆ ಯಾರೂ ಹಾಕ್ಬೇಡಿ ಅಂತ."

ನಾನು ಓದಿದೆ. ಕೊನೆಯಿಂದ ಒಂದೊಂದೇ ಪುಟ ತಿರುಗಿಸಿ ಗಟ್ಟಿಯಾಗಿ ಓದಿದೆ. ಮಾವ ನೆಲ ನೋಡುತ್ತ ನಿಂತಿದ್ದರು. ಮೊಟ್ಟಮೊದಲಿನ ಪುಟಕ್ಕೆ ಬಂದಾಗ ತಲೆಯೆತ್ತಿ ನನ್ನನ್ನು ನೋಡಿದರು. ಸುತ್ತ ಎಪ್ಪತ್ತು ಹೆಂಗಸರು. ತಪಾಸಣೆಯವಳು ನಾನು, ಎಲ್ಲರ ತಪ್ಪು ಎತ್ತಿ ಆಡಿದವಳು. ಮೂರು ವರ್ಷದ ಹಿಂದಿನ ಫ್ರಾಕು, ಆ ಮಕ್ಕಳು ಈಗ ಓಡಾಡುತ್ತಿರುತ್ತವೆ ಎಂದುಕೊಂಡೆ. ಪುಸ್ತಕ ಮುಚ್ಚಿ, "ಇಷ್ಟೇ ಸಾರ್," ಎಂದೆ.

ಹನ್ನೆರಡು ಡಬ್ಬವೂ ಕೆಂಪು ಚೀಲಕ್ಕೆ ಹೋದವು. ಮಾವ ಆ ಸಂಜೆಯೇ ಸೂಜಿ ಕೋಣೆಯ ಬೀಗದ ಕೈ ಕೊಟ್ಟು ಹೋದರು. ಯಾರೂ ಬಾಗಿಲವರೆಗೆ ಬಿಡಲು ಬರಲಿಲ್ಲ. ಮರುದಿನದಿಂದ ಅವರ ಕೈಗುಣದ ಸುದ್ದಿ ಎತ್ತಿದವರಿಲ್ಲ, ಎಲ್ಲರೂ ಮೊದಲೇ ಅನುಮಾನ ಇತ್ತು ಎನ್ನುವವರೇ. ನಾನೂ ತಲೆಯಾಡಿಸಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ದಿನಕ್ಕೆ ಹತ್ತು ಸಲ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಫ್ರಾಕು ಅಕ್ಕನಿಂದ ತಂಗಿಗೆ ಇಳಿಯುತ್ತದೆ ಎಂಬುದು ತಿಳಿಯದವಳೇ ನಾನು? ನನ್ನ ತಂಗಿ ಬೆಳೆದದ್ದೇ ನನ್ನ ಫ್ರಾಕುಗಳಲ್ಲಿ.

ಎರಡು ವಾರವಾದ ಮೇಲೆ, ಒಂದು ಭಾನುವಾರ ಸಂಜೆ ಅವರ ಮನೆಗೆ ಹೋದೆ. ಕಟಿಂಗ್ ಅಂಗಡಿಯ ಮೇಲಿನ ಎರಡು ಕೋಣೆ. ಅತ್ತೆ ಬಾಗಿಲು ತೆಗೆದು, ನನ್ನನ್ನು ಒಳಗೆ ಬಿಡುವ ಮೊದಲೇ, "ಹೊಗಳಿ ಹೊಗಳಿ ಅಟ್ಟಕ್ಕೇರಿಸಿದ್ರಿ, ಆಮೇಲೆ ಏಣಿ ತೆಗೆದ್ರಿ. ಬಾ, ಕೂತ್ಕೋ," ಎಂದರು. ಮಾವ ಕಿಟಕಿಯ ಬಳಿ ಕೂತು ಅತ್ತೆಯ ಒಂದು ರವಿಕೆಗೆ ಹುಕ್ಕು ಹೊಲಿಯುತ್ತಿದ್ದರು. ಎರಡು ವಾರಕ್ಕೆ ಹತ್ತು ವರ್ಷ ಹೆಚ್ಚು ವಯಸ್ಸಾದವರ ಹಾಗೆ ಇಳಿದುಹೋಗಿದ್ದರು.

ಅದು ಇದು ಮಾತಾಡಿದೆವು. ಆಮೇಲೆ ನಾನು, "ಮಾವ, ಪುಸ್ತಕದಲ್ಲಿ ನನ್ನ ಪುಟಾನೂ ಇತ್ತು," ಎಂದೆ.

"ಇತ್ತಲ್ಲ. ಮೊದಲ್ನೇದೇ ನಿನ್ನದು."

"ನೆನಪಿಲ್ಲ ಅಂದ್ರಿ ಸಾರ್ ಮುಂದೆ."

"ಒಬ್ಬೊಬ್ಬರದೂ ನೆನಪಿದೆ. ನನ್ನ ತಪ್ಪು ಹೇಳೋವಾಗ ಬೇರೆಯವರ ಹೆಸರು ಯಾಕೆ ಅಂತ ಸುಮ್ನಾದೆ." ಅವರು ದಾರ ಹಲ್ಲಿನಲ್ಲಿ ಕಚ್ಚಿ ಕತ್ತರಿಸಿದರು. "ನೀನು ಓದ್ತಾ ಇದ್ದಾಗ ಎಣಿಸ್ತಿದ್ದೆ. ಮೂವತ್ತಾಯ್ತು. ಇನ್ನೊಂದಕ್ಕೆ ಕಾದೆ."

ನನ್ನ ಕಣ್ಣು ತುಂಬಿತು. ಅವರ ಮುಂದೆ ನಾನು ಅಳುವುದು ಇದು ಎರಡನೆಯ ಸಲ. ಈ ಸಲ ಅವರು ಅಳಬೇಡ ಎನ್ನಲಿಲ್ಲ, ಹುಕ್ಕು ಹೊಲಿಯುತ್ತಲೇ ಇದ್ದರು. ನನ್ನ ಕಟ್ಟಿನ ನಂಬರು ನನಗೆ ಬಾಯಿಪಾಠ. ಕಣ್ಣೊರೆಸಿಕೊಂಡು ಅದನ್ನು ಹೇಳಲು ಶುರುಮಾಡಿದೆ, ಮೊದಲ ಎರಡು ಅಂಕಿ ಹೇಳಿಯೂಬಿಟ್ಟೆ.

"ನನಗೆ ಹೇಳಿ ಏನಮ್ಮ ಪ್ರಯೋಜನ?" ಎಂದರು ಮಾವ. "ಕಾರ್ಖಾನೆ ನಾಳೆ ಎಂಟಕ್ಕೆ ತೆಗೆಯುತ್ತೆ."